ಕಣ್ಣಾರೆ ನೋಡಿದೆ ಎಂಬ ಮುದ್ರೆ

ನಮೂನೆ ಬೆಳಗಿನಿಂದ ಮೇಜಿನ ಮೇಲೇ ಬಿದ್ದಿತ್ತು. ಮಸಾಯೊ ಅದನ್ನು ಎರಡು ಸಲ ಬಣ್ಣದ ಬಾಟಲಿಗಳ ಹಿಂದಕ್ಕೆ ಸರಿಸಿದ್ದಳು, ಎರಡು ಸಲವೂ ತಾನೇ ಮುಂದಕ್ಕೆ ಎಳೆದುಕೊಂಡಿದ್ದಳು. ಒಂದೇ ಒಂದು ಹಾಳೆ. ಮೇಲೆ ರೋಗಿಯ ಹೆಸರು, ಹಮಾಜಿ ತೊಕಿಯೆ, ಮೂವತ್ತೆಂಟು ವರ್ಷ. ಅದರ ಕೆಳಗೆ ಗುಲ್ಮ ತೆಗೆದ ದಿನಾಂಕ, ಆಮೇಲೆ ಪ್ಲೇಟ್ಲೆಟ್ ಎಣಿಕೆಯ ಏಳು ಸಾಲು, ಕೊನೆಗೆ 'ಶಸ್ತ್ರಚಿಕಿತ್ಸೆಗೆ ರಕ್ತದ ಪ್ರತಿಕ್ರಿಯೆ' ಎಂದು ಅಚ್ಚುಮಾಡಿ ಮೂರು ಚೌಕ: ಪೂರ್ಣ, ಭಾಗಶಃ, ಇಲ್ಲ. ಅಸಕುರಾ ಡಾಕ್ಟರು 'ಪೂರ್ಣ'ದ ಚೌಕದಲ್ಲಿ ಗುರುತು ಹಾಕಿಯೇ ಕಳಿಸಿದ್ದರು. ಅವಳು ಮಾಡಬೇಕಾದದ್ದು ಇಷ್ಟೇ, ಕಟ್ಟಕಡೆಯ ಸಾಲಿನಲ್ಲಿ, 'ರಕ್ತಲೇಪನವನ್ನು ಕಣ್ಣಾರೆ ನೋಡಿದವರು' ಎಂಬಲ್ಲಿ ತನ್ನ ಮುದ್ರೆ ಒತ್ತುವುದು. ಮುದ್ರೆ ಬಿಳಿ ಕೋಟಿನ ಜೇಬಿನಲ್ಲಿತ್ತು. ಕೈ ಜೇಬಿಗೆ ಹೋದಾಗಲೆಲ್ಲ ಬೆರಳಿಗೆ ತಗುಲುತ್ತಿತ್ತು. ಹೊರಗೆ ಸಮುದ್ರದ ಮೇಲೆ ಡಿಸೆಂಬರಿನ ಗುಡುಗು ಆರಂಭವಾಗಿತ್ತು. ಮೀನನ್ನು ಎಬ್ಬಿಸುವ ಗುಡುಗು ಎಂದು ಈ ಬಂದರಿನವರು ಅದನ್ನು ಕೇಳಿ ಖುಷಿಪಡುತ್ತಾರೆ. ಇವತ್ತು ಅದು ಗುಡುಗಿದಾಗಲೆಲ್ಲ ಗಾಜಿನ ಪಟ್ಟಿಗಳ ಪೆಟ್ಟಿಗೆಗಳು ಕಪಾಟಿನೊಳಗೆ ಸಣ್ಣಗೆ ಕಟಕಟ ಎನ್ನುತ್ತಿದ್ದವು, ಮಾರ್ಚ್ ತಿಂಗಳ ಪೆಟ್ಟಿಗೆ ಯಾವುದೆಂದು ತಿರುಗಿ ನೋಡದೆಯೇ ಅವಳಿಗೆ ಗೊತ್ತಿತ್ತು.

'ಇಸೊಬೆ' ಎಂಬ ಮನೆತನದ ಹೆಸರಿನ ಆ ಮುದ್ರೆಯನ್ನು ಅಮ್ಮ ಕೊರೆಸಿಕೊಟ್ಟದ್ದು, ಅವಳು ಈ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಗೆ ಕೆಲಸಕ್ಕೆ ಸೇರಿದ ವಸಂತದಲ್ಲಿ. ಆಗ ಅವಳಿಗೆ ಇಪ್ಪತ್ತೆರಡು. ಮೊದಲ ವಾರ ಉತ್ಸಾಹದಿಂದ ನಲವತ್ತು ಚೀಟಿಗಳಿಗೆ ಒತ್ತಿ ಕಳಿಸಿದಾಗ ನಲವತ್ತೂ ಹಿಂದಕ್ಕೆ ಬಂದಿದ್ದವು. ಲೆಕ್ಕ ತಪ್ಪಿರಲಿಲ್ಲ. ಮುದ್ರೆ ನೆಟ್ಟಗೆ ಇತ್ತು. ಕೆಳಗಿನವರ ಮುದ್ರೆ ಪಕ್ಕದಲ್ಲಿರುವ ಮೇಲಿನವರ ಮುದ್ರೆಯ ಕಡೆಗೆ ತುಸು ವಾಲಿರಬೇಕು, ತಲೆಬಾಗಿ ನಿಂತ ಹಾಗೆ. ಇದನ್ನು ಕೋಣೆಯ ಹಿರಿಯರಾದ ಮೊರಿಕವಾ ಎಲ್ಲರೆದುರಿಗೆ ಹೇಳಿದ್ದರು, ಗದರದೆ, ನಗುತ್ತಾ. "ಇಸೊಬೆಸಾನ್ ನಮ್ಮೆಲ್ಲರಿಗಿಂತ ಎತ್ತರ ಇದ್ದಾರೆ ಅಂತ ಕಾಣುತ್ತೆ," ಎಂದಿದ್ದರು, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಆ ನಲವತ್ತನ್ನೂ ಹೊಸದಾಗಿ ಬರೆದು, ವಾಲಿಸಿ ಒತ್ತಿದ ಮೇಲೆ ಅಂಗೈಯಲ್ಲಿ ಕೆಂಪು ಶಾಯಿ ಎರಡು ದಿನ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಕೈ ಎಷ್ಟು ಪಳಗಿತ್ತೆಂದರೆ ಈಗ ಅವಳಿಗೆ ನೆಟ್ಟಗೆ ಒತ್ತಲು ಬರುತ್ತದೋ ಇಲ್ಲವೋ ಎಂಬುದೇ ಅನುಮಾನ. ಮೊರಿಕವಾ ಈಗ ಕೋಣೆಯ ಮುಖ್ಯಸ್ಥರು, ಬರುವ ಮಾರ್ಚಿಗೆ ನಿವೃತ್ತಿ. ಈ ಹೊತ್ತು ಅವರು ಮೇಲಿನ ಮಹಡಿಯಲ್ಲಿ ಸಭೆಗೆ ಹೋಗಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು ಮೇಜಿನ ಮೇಲಿನ ಹಾಳೆಯನ್ನು ನೋಡಿ, ಚಪ್ಪಲಿ ಬದಲಿಸಿಕೊಂಡು ಹೋದರು. ಬೈದು ಹೋಗಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

ಮೂರು ವಾರದ ಹಿಂದೆ ಅಸಕುರಾ ಡಾಕ್ಟರು ತಾವೇ ಇಳಿದು ಬಂದಿದ್ದರು. ಪ್ಲೇಟ್ಲೆಟ್ಟುಗಳನ್ನು ನುಂಗುತ್ತಿದೆಯೆಂದು ಹೊಟ್ಟೆಯ ಎಡಗಡೆಯ ಗುಲ್ಮವನ್ನು ತೆಗೆದು ಹತ್ತು ದಿನವಾಗಿತ್ತು. ಪ್ಲೇಟ್ಲೆಟ್ ಏರಬೇಕಾಗಿತ್ತು, ಏರಿರಲಿಲ್ಲ. ಮೂರನೆಯ ದಿನ ಇಪ್ಪತ್ತೆರಡು ಸಾವಿರ, ಏಳನೆಯ ದಿನ ಹತ್ತೊಂಬತ್ತು, ಹತ್ತನೆಯ ದಿನ ಹದಿನೆಂಟು. ಆರೋಗ್ಯವಂತರಿಗೆ ಎರಡು ಲಕ್ಷ ಇರುತ್ತದೆ. ಡಾಕ್ಟರು ಎಳೆಯ ವಯಸ್ಸಿನವರು, ರಾತ್ರಿ ನಿದ್ದೆಯಿಲ್ಲದೆ ಕಣ್ಣ ಕೆಳಗೆ ಕಪ್ಪು. "ಇಸೊಬೆಸಾನ್, ಒಂದು ಸಹಾಯ ಮಾಡಿ," ಎಂದಿದ್ದರು. "ಯಂತ್ರ ಬೇಡ. ನೀವೇ ಲೇಪನ ಮಾಡಿ, ಕಣ್ಣಿಂದ ನೋಡಿ. ಕೆಂಪುಕಣದ ಒಳಗೆ ಕಪ್ಪು ಚುಕ್ಕೆ ಇದೆಯಾ ಅಂತ. ಇದ್ರೆ ಗುಲ್ಮ ಪೂರ್ತಿ ಹೋಗಿದೆ ಅಂತ ಅರ್ಥ. ಇಲ್ಲ ಅಂದ್ರೆ ಹೊಟ್ಟೆಯಲ್ಲಿ ಇನ್ನೊಂದು ಮರಿಗುಲ್ಮ ಉಳ್ಕೊಂಡಿದೆ, ಮತ್ತೆ ತೆರೀಬೇಕಾಗುತ್ತೆ." ಮತ್ತೆ ತೆರೆಯಬೇಕಾಗುತ್ತೆ ಎನ್ನುವಾಗ ಅವರ ಕೈ ತಮ್ಮದೇ ಹೊಟ್ಟೆಯ ಎಡಗಡೆ ಸವರಿತ್ತು. ಅವಳು ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಎಳೆದು, ಒಣಗಿಸಿ, ಬಣ್ಣ ಹಾಕಿ, ನೋಡಿದಳು. ರಕ್ತಕಣ ಎಣಿಸುವ ಹೊಸ ಯಂತ್ರ ಬಂದ ಮೇಲೆ ಕೈ ಇಷ್ಟೊಂದು ನಿಧಾನವಾಗಿರುವುದು ಅವತ್ತೇ ತಿಳಿದದ್ದು. ಚುಕ್ಕೆಗಳಿದ್ದವು. ಬೇಕಾದಷ್ಟಿದ್ದವು. ಅಬ್ಬ, ಮತ್ತೆ ತೆರೆಯಬೇಕಾಗಿಲ್ಲ ಎಂದು ಅವಳು ಉಸಿರುಬಿಟ್ಟು, ಹಳೆಯ ಅಭ್ಯಾಸದಂತೆ ಲೇಪನ ತೆಳುವಾಗುತ್ತಾ ಮುಗಿಯುವ ತುದಿಯ ತನಕ ಗಾಜನ್ನು ಸರಿಸಿದಳು. ಅಲ್ಲಿ ಪ್ಲೇಟ್ಲೆಟ್ಟುಗಳೆಲ್ಲ ಇದ್ದವು. ಇಪ್ಪತ್ತು, ಮೂವತ್ತು, ಐವತ್ತು ಒಂದಕ್ಕೊಂದು ಅಂಟಿಕೊಂಡು ಗಂಟುಗಂಟಾಗಿ, ಎಳೆಯುವಾಗ ತುದಿಗೆ ತಳ್ಳಿಸಿಕೊಂಡು ಬಂದು ಒಟ್ಟಾಗಿದ್ದವು.

ಏನಾಗಿದೆಯೆಂದು ತಿಳಿಯಲು ಅವಳಿಗೆ ಅರೆಗಳಿಗೆ ಸಾಕಾಯಿತು, ನಂಬಲು ಉಳಿದ ದಿನವೆಲ್ಲ ಬೇಕಾಯಿತು. ನೇರಳೆ ಮುಚ್ಚಳದ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟದಿರಲು ಒಂದು ಔಷಧಿ ಇರುತ್ತದೆ. ಸಾವಿರಕ್ಕೊಬ್ಬರ ರಕ್ತ ಆ ಔಷಧಿಗೇ ಮುನಿಸಿಕೊಳ್ಳುತ್ತದೆ, ಪ್ಲೇಟ್ಲೆಟ್ಟುಗಳು ನಳಿಕೆಯೊಳಗೆ ಗಂಟುಕಟ್ಟುತ್ತವೆ. ಯಂತ್ರಕ್ಕೆ ಗಂಟು ಕಾಣುವುದಿಲ್ಲ, ಬಿಡಿಬಿಡಿಯಾಗಿ ಉಳಿದ ಹದಿನೆಂಟು ಸಾವಿರವನ್ನಷ್ಟೇ ಎಣಿಸಿ ಕೊಡುತ್ತದೆ. ಮೈಯೊಳಗೆ ಎಲ್ಲವೂ ಸರಿಯಾಗೇ ಇರುತ್ತದೆ. ಇದು ಕಾಲೇಜಿನ ಎರಡನೆಯ ವರ್ಷದ ಪಾಠ. ಇದನ್ನು ಹಿಡಿಯಲೆಂದೇ ಚೀಟಿಯಲ್ಲಿ 'ಕಣ್ಣಾರೆ ನೋಡಿದವರು' ಎಂಬ ಜಾಗ ಇರುವುದು. ಅವಳು ಮಾರ್ಚ್ ತಿಂಗಳ ಪೆಟ್ಟಿಗೆ ತೆಗೆದಳು. ಹಮಾಜಿ, ಇಪ್ಪತ್ತೆಂಟನೆಯ ತಾರೀಖು. ಬೇರೆಯವರು ಎಳೆದು ಬಣ್ಣ ಹಾಕಿಟ್ಟ ಲೇಪನ, ಅದರ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಹಾಕುವ ಎಣ್ಣೆಯ ಕಲೆ ಒಂದೂ ಇರಲಿಲ್ಲ, ಅಂದರೆ ಯಾರೂ ನೋಡಿರಲಿಲ್ಲ. ತುದಿಗೆ ಸರಿಸಿದಳು. ಅಲ್ಲೂ ಗಂಟುಗಳು. ಚೀಟಿಯ ನಕಲು ತೆಗೆದಳು. 'ಕಣ್ಣಾರೆ ನೋಡಿದವರು: ಇಸೊಬೆ', ಮುದ್ರೆ ಅಚ್ಚುಕಟ್ಟಾಗಿ ಮೊರಿಕವಾರ ಮುದ್ರೆಯ ಕಡೆಗೆ ವಾಲಿತ್ತು.

ಆ ಇಪ್ಪತ್ತೆಂಟನೆಯ ತಾರೀಖನ್ನು ಅವಳು ಎಷ್ಟು ಸಲ ತೆಗೆದು ನೋಡಿದ್ದಾಳೋ. ವರ್ಗವಾಗಿ ಹೋಗುತ್ತಿದ್ದವರಿಗೆ ಬೀಳ್ಕೊಡುಗೆಯ ಊಟವಿತ್ತು. ಉಳಿದವರು ಕೋಟು ತೊಟ್ಟು ಕಾರಿಡಾರಿನಲ್ಲಿ ನಿಂತಿದ್ದರು, ಯಾರೋ ಬಾಗಿಲು ತಟ್ಟಿ ಕರೆದರು, ಅವಳು ಬಂದೆ ಬಂದೆ ಎನ್ನುತ್ತಾ ಅವತ್ತಿನ ಚೀಟಿಗಳ ಕಟ್ಟನ್ನು ಎಡಗೈಯಲ್ಲಿ ಮಗುಚುತ್ತಾ ಬಲಗೈಯಲ್ಲಿ ಒತ್ತುತ್ತಾ ಹೋದಳು. ಅದೊಂದು ದಿನದ ಅವಸರ ಎಂದುಕೊಳ್ಳಲು ಬಹಳ ಹೆಣಗಿದ್ದಳು. ಆಗಲಿಲ್ಲ. ಯಂತ್ರ ಬಂದ ಚಳಿಗಾಲದಿಂದಲೂ ಪ್ರತಿದಿನ ನಾಲ್ಕು ಗಂಟೆಗೆ ಕಟ್ಟು ಮುಂದಿಟ್ಟುಕೊಂಡು ಹಾಗೇ ಒತ್ತುತ್ತಿದ್ದರು, ಅವಳೂ, ಉಳಿದವರೂ. ಯಂತ್ರ ತಪ್ಪುವುದಿಲ್ಲ ಎಂದು ಮೊರಿಕವಾ ಹೇಳಿದ್ದರು, ಎಲ್ಲರೂ ತಲೆಯಾಡಿಸಿದ್ದರು. ಇದೇ ಸಾಲದೆಂಬಂತೆ ಏಪ್ರಿಲ್ ತಿಂಗಳಲ್ಲಿ ಇನ್ನೊಂದು. ರಕ್ತ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ನೋಡಲು ಹಮಾಜಿಯವರನ್ನು ಅವಳ ಹತ್ತಿರವೇ ಕಳಿಸಿದ್ದರು. ಕಿವಿಯ ಹಾಲೆಯನ್ನು ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಕಾಗದಕ್ಕೆ ಹನಿ ಒತ್ತಿಸಿಕೊಳ್ಳುವ ಪರೀಕ್ಷೆ. "ಕಿವಿ ಚುಚ್ಚಿಸ್ಕೊಳ್ತಿರೋದು ಇದೇ ಮೊದಲು, ಓಲೆ ಕೊಡ್ತೀರಾ ಹೇಗೆ," ಎಂದಿದ್ದಳು ಆ ಹೆಂಗಸು. ಎಣಿಕೆ ಅಷ್ಟು ಕಡಿಮೆಯಿರುವವರಿಗೆ ಹತ್ತು ನಿಮಿಷವಾದರೂ ರಕ್ತ ನಿಲ್ಲಬಾರದು. ಎರಡೂವರೆ ನಿಮಿಷಕ್ಕೆ ಕಾಗದ ಬೆಳ್ಳಗೆ ಉಳಿಯಿತು. ಮಸಾಯೊಗೆ ಏನೋ ಚುರುಕ್ ಎಂದಿತ್ತು. ಎರಡೂವರೆ ಎಂದು ಬರೆದಳು, ಡಾಕ್ಟರು ನೋಡಿಕೊಳ್ಳುತ್ತಾರೆ ಎಂದುಕೊಂಡಳು. ಡಾಕ್ಟರು ಅದನ್ನು ನೋಡಿ, ಲೇಪನ ನೋಡಿದವರ ಮುದ್ರೆಯನ್ನೂ ನೋಡಿ, ಎಣಿಕೆಯನ್ನೇ ನಂಬಿದರು.

ಅಲ್ಲಿಂದಾಚೆಗೆ ಏಳು ತಿಂಗಳು ಹಮಾಜಿ ತೊಕಿಯೆ ಈ ಕಿಟಕಿಗೆ ತೋಳು ಚಾಚಿಕೊಂಡು ಬಂದಳು. ಮಾತ್ರೆಗಳಿಂದ ಮುಖ ಪ್ರತಿ ಸಲ ಇನ್ನಷ್ಟು ಉಬ್ಬಿರುತ್ತಿತ್ತು. "ಗುರುತು ಸಿಕ್ತಾ? ಚಂದ್ರ ಬಂದಿದ್ದಾನೆ ಅಂತ ನಮ್ಮತ್ತೆ ಹೇಳ್ತಾರೆ," ಎನ್ನುತ್ತಿದ್ದಳು. ಅವಳು ಬಂದರಿನ ಹಿಂದಿನ ಫ್ಯಾಕ್ಟರಿಯಲ್ಲಿ ಮೀನು ಅರೆದ ಕಣಕದಿಂದ ಮದುವೆಮುಂಜಿಗಳಿಗೆ ಕೆಂಪುಮೀನು ಮಾಡುವವಳು. ಕೆಲಸದವರ ವರ್ಷದ ತಪಾಸಣೆಯಲ್ಲಿ ಎಣಿಕೆ ಕಡಿಮೆ ಬಂದದ್ದೇ ತಡ, ಅವಳ ಕೈಯಿಂದ ಚಾಕು ತೆಗೆದುಕೊಂಡು ಡಬ್ಬಿಗೆ ಚೀಟಿ ಅಂಟಿಸಲು ಕೂರಿಸಿದ್ದರು. ಅಷ್ಟು ದಿನ ಅವಳಿಗೆ ಒಂದೇ ಒಂದು ಸಲವೂ ಮೂಗಿನಿಂದ ರಕ್ತ ಬಂದಿರಲಿಲ್ಲ. ತೊಡೆಯ ಮೇಲೆ ಒಂದೆರಡು ಕಪ್ಪು ಕಲೆ ಇದ್ದದ್ದು ತೊಟ್ಟಿ ತಗುಲಿ ಆದದ್ದು. ತೊಟ್ಟಿ ತಗುಲ್ತು ಸೆನ್ಸೆ ಎಂದು ಅವಳೇ ಡಾಕ್ಟರಿಗೆ ಹೇಳಿದ್ದಳು. ಅದನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಗಂಟುಗಳು ಕಂಡ ಸಂಜೆ ಮಸಾಯೊ ಮೊರಿಕವಾರ ಮೇಜಿನ ಎದುರು ನಿಂತು ಎಲ್ಲವನ್ನೂ ಹೇಳಿದ್ದಳು. ಅವರು ಮಾರ್ಚಿನ ಗಾಜನ್ನು ತಾವೇ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೋವಿನ ಮೇಲಿನ ಕೆಟಲಿನಿಂದ ಅವಳಿಗೆ ತಾವೇ ಟೀ ಬಗ್ಗಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವಳಿಗೆ ಟೀ ಬಗ್ಗಿಸಿದ್ದು ಅದೇ ಮೊದಲು.

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ. ನಿಮಗೇ ಮೊದಲು."

"ನಾಳೆಯಿಂದ ಈ ರೋಗಿಗೆ ಮಾತ್ರ ಕರಿ ಮುಚ್ಚಳದ ನಳಿಕೆ ಕಳಿಸಿ. ಅದರ ಔಷಧಿ ಬೇರೆ, ಅದ್ರಲ್ಲಿ ಗಂಟು ಕಟ್ಟಲ್ಲ. ಎಣಿಕೆ ಸರಿಯಾಗಿ ಬರುತ್ತೆ. ನಾವೇನೂ ಸುಳ್ಳು ಬರೀತಿಲ್ವಲ್ಲ ಇಸೊಬೆಸಾನ್. ಇರೋದನ್ನೇ ಎಣಿಸ್ತೀವಿ."

"ಆದ್ರೆ ಗುಲ್ಮ ತೆಗೆದದ್ದು..."

"ವಾಪಸ್ ಇಡೋಕಾಗುತ್ತಾ?" ಅವರು ಮೆಲ್ಲಗೆ ಕೇಳಿದರು. "ಇನ್ನೂ ಗಟ್ಟಿ ಔಷಧಿ ಕೊಡೋ ಯೋಚನೆಯಲ್ಲಿದ್ದಾರೆ, ಅದು ತಪ್ಪುತ್ತೆ. ಆ ಹೆಂಗಸು ಗುಣವಾಯ್ತು ಅಂತ ಮನೆಗೆ ಹೋಗ್ತಾಳೆ. ಅಸಕುರಾ ಸೆನ್ಸೆ ನೆಮ್ಮದಿಯಾಗಿ ಮಲಗ್ತಾರೆ. ಇದ್ರಲ್ಲಿ ಯಾರಿಗೆ ಕೆಟ್ಟದಾಗುತ್ತೆ, ನೀವೇ ಹೇಳಿ."

ಅಲ್ಲೇ ಅವಳು ಸೋತದ್ದು. ಅವರ ಮಾತಿನಲ್ಲಿ ತಪ್ಪು ಹುಡುಕುತ್ತಾ ನಿಂತಳು, ಹುಡುಕುತ್ತಿರುವಾಗಲೇ ತಲೆ ತಾನಾಗಿ ಬಾಗಿತು, ಬಾಯಿ ಸರಿ ಎಂದಿತು. ಹನ್ನೆರಡನೆಯ ದಿನ ಕರಿ ಮುಚ್ಚಳದ ನಳಿಕೆಯಲ್ಲಿ ಐದು ಲಕ್ಷ ಎಂಬತ್ತು ಸಾವಿರ ಬಂತು. ಗುಲ್ಮವಿಲ್ಲದವರಿಗೆ ಕೆಲವು ವಾರ ಹಾಗೆ ಏರಿಯೇ ಇರುತ್ತದೆ, ಕಾಯಿಲೆ ಇದ್ದರೂ ಇಲ್ಲದಿದ್ದರೂ. ಅಸಕುರಾ ಡಾಕ್ಟರು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ತಡವಾಗಿ ಬಂದ ಪ್ರತಿಕ್ರಿಯೆ," ಎಂದರು. "ಕೈ ಬಿಡೋದ್ರಲ್ಲಿದ್ದೆ ಇಸೊಬೆಸಾನ್. ನಿಮ್ಮ ಚುಕ್ಕೆ ನಂಬಿ ಎರಡು ದಿನ ಕಾದೆ, ಒಳ್ಳೇದಾಯ್ತು." ಅವರ ಕಣ್ಣಲ್ಲಿ ನೀರಿತ್ತು. ಇದನ್ನು ಬರುವ ವಾರದ ವೈದ್ಯರ ಸಭೆಯಲ್ಲಿ ಓದುತ್ತಾರಂತೆ. ಕೇಳುವವರು ಬೇರೆ ಊರುಗಳ ಡಾಕ್ಟರುಗಳು, ಅವರ ಕಿಟಕಿಗಳಿಗೂ ಹೀಗೇ ತೋಳು ಚಾಚುವವರಿದ್ದಾರೆ. ಎಣಿಕೆ ಏರದಿದ್ದರೂ ಕಾಯಿರಿ, ಗುಲ್ಮ ತೆಗೆದರೆ ತಡವಾಗಿಯಾದರೂ ಏರುತ್ತದೆ ಎಂದು ಅವರೆಲ್ಲ ಬರೆದುಕೊಳ್ಳುತ್ತಾರೆ. ಯಾರಿಗೆ ಕೆಟ್ಟದಾಗುತ್ತದೆ ಎಂಬುದಕ್ಕೆ ಉತ್ತರ ಅವಳಿಗೆ ಇವತ್ತು ಬೆಳಿಗ್ಗೆ ನಮೂನೆ ಕೈಗೆ ಬಂದಾಗ ಹೊಳೆದಿತ್ತು. ಅದನ್ನು ಕೇಳಿಸಿಕೊಳ್ಳಬೇಕಾದ ಮೊರಿಕವಾ ಮೇಲಿನ ಮಹಡಿಯ ಸಭೆಯಲ್ಲಿದ್ದರು.

ಮೂರು ಗಂಟೆಗೆ ಕಿಟಕಿಯ ಗಾಜನ್ನು ಯಾರೋ ಉಗುರಿನಿಂದ ತಟ್ಟಿದರು. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು, ಉಳಿದಿಬ್ಬರು ವಾರ್ಡಿಗೆ ಹೋಗಿದ್ದರು. ಗಾಜಿನಾಚೆ ಹಮಾಜಿ ತೊಕಿಯೆ, ಮುಖದ ಊತ ಅರ್ಧ ಇಳಿದಿತ್ತು, ಎದೆಗೆ ಒಂದು ದೊಡ್ಡ ಬಟ್ಟೆಗಂಟು ಅವುಚಿಕೊಂಡಿದ್ದಳು. ಒಳಗೆ ಕರೆಯದೆ ವಿಧಿಯಿರಲಿಲ್ಲ.

"ಇವತ್ತು ರಕ್ತ ಕೊಡೋಕೆ ಬಂದಿಲ್ಲ, ತಿನ್ನಿಸೋಕೆ ಬಂದಿದ್ದೀನಿ," ಎಂದು ಅವಳು ಗಂಟನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಮೊಳದುದ್ದದ ಕೆಂಪುಮೀನು, ಬಾಲ ಮೇಲಕ್ಕೆತ್ತಿಕೊಂಡು, ಕಣ್ಣು ಪಿಳಿಪಿಳಿ ನೋಡುತ್ತಾ. ಮೀನಿನ ಕಣಕದಲ್ಲಿ ಮಾಡಿ, ಹಬೆಯಲ್ಲಿ ಬೇಯಿಸಿ, ಬಣ್ಣದ ಕಣಕವನ್ನು ಹಿಂಡಿ ಹಿಂಡಿ ಹುರುಪೆ ಬಿಡಿಸಿದ್ದು. "ನಾನೇ ಮಾಡಿದ್ದು. ಹುರುಪೆ ಎಣಿಸ್ಬೇಡಿ, ನಿಮಗೆ ಎಣಿಸೋದೇ ಚಾಳಿ. ನಿನ್ನೆ ಮತ್ತೆ ಚಾಕು ಕೊಟ್ರು ಕೈಗೆ. ಮೊದಲ ಮೂರು ಮೀನು ಬೀದಿಯವರಿಗೆ ಹಂಚಿದ್ವಿ. ಇದು ನಿಮಗೆ. ಸೆನ್ಸೆಗೆ ಕೊಟ್ರೆ ತಗೊಳ್ಳಲ್ಲ, ಆಸ್ಪತ್ರೆ ನಿಯಮ ಅಂತಾರೆ. ನೀವು ತಗೊಳ್ಳಿ. ನನ್ನ ರಕ್ತ ಕಣ್ಣಿಟ್ಟು ನೋಡ್ದೋರು ನೀವೇ ಅಲ್ವಾ."

ಈ ಕಡೆ ಗುಣವಾದವರು ಹಂಚುವುದು ಕೈಯಲ್ಲಿ ಉಳಿಯಬಾರದ ವಸ್ತು. ಸಕ್ಕರೆ, ಸಾಬೂನು, ತಿಂಡಿ, ಯಾವುದಾದರೂ ಕರಗಿ ಮುಗಿಯುವಂಥದ್ದು. ಮುಗಿದರೆ ಕಾಯಿಲೆಯೂ ಮುಗಿಯಿತು, ಉಳಿದರೆ ಅದೂ ಉಳಿಯಿತು. ಮಸಾಯೊ ತಲೆಬಾಗಿಸಿ ಧನ್ಯವಾದ ಹೇಳಿದಳು, ಎಷ್ಟು ಬಾಗಿದಳೆಂದರೆ ಮೂಗಿಗೆ ಮೀನಿನ ಸಿಹಿವಾಸನೆ ಬಡಿಯಿತು. ಮತ್ತೆ ತಲೆಯೆತ್ತಲು ಭಯವಾಯಿತು.

"ಒಂದು ಆಸೆ," ಎಂದಳು ತೊಕಿಯೆ, ಸೂಕ್ಷ್ಮದರ್ಶಕದ ಕಡೆ ನೋಡುತ್ತಾ. "ಒಂದ್ಸಲ ತೋರಿಸ್ತೀರಾ? ಅಷ್ಟು ರಕ್ತ ಕೊಟ್ಟಿದ್ದೀನಿ, ನನ್ನದನ್ನ ನಾನೇ ನೋಡಿಲ್ಲ."

ಕಳೆದ ವಾರದ ಗಾಜು ಅಲ್ಲೇ ಇತ್ತು. ಮಸಾಯೊ ಅದನ್ನಿಟ್ಟು, ಕಣ್ಣು ಎಲ್ಲಿಡಬೇಕೆಂದು ತೋರಿಸಿದಳು. ತೊಕಿಯೆ ಉಸಿರು ಬಿಗಿಹಿಡಿದು ನೋಡಿದಳು. ಕೆಂಪು ದುಂಡಗಿರುವುದು ರಕ್ತದ ಕಣ, ನಡುವೆ ನೇರಳೆ ಪುಡಿಯಂತೆ ಚದುರಿರುವುದು ಪ್ಲೇಟ್ಲೆಟ್. "ಎಷ್ಟೊಂದಿವೆ," ಎಂದಳು, ಅವಳ ಧ್ವನಿ ಮೆತ್ತಗಾಗಿತ್ತು. ಆಮೇಲೆ, "ಕೆಂಪಿನೊಳಗೆ ಅಲ್ಲಲ್ಲಿ ಕಪ್ಪು ಚುಕ್ಕೆ ಇದೆಯಲ್ಲ, ಅದೇನು?"

"ಗುಲ್ಮ ಇದ್ದಾಗ ಅದನ್ನ ಆರಿಸಿ ತೆಗೀತಿತ್ತು. ಈಗ ತೆಗೆಯೋರಿಲ್ಲ."

"ಗುಡಿಸೋರು ಹೋದ್ಮೇಲೆ ಕಸ. ಇರ್ಲಿ ಬಿಡಿ, ಕೆಟ್ಟುಹೋಗಿದ್ದು ತಾನೇ, ಹೋಯ್ತು." ಅವಳು ತಲೆಯೆತ್ತಿದಳು. "ಹಳೇದು ಇದೆಯಾ? ಕಾಯಿಲೆ ಇದ್ದಾಗಿಂದು. ಎರಡೂ ನೋಡಿದ್ರೆ ತಾನೇ ಗೊತ್ತಾಗೋದು."

ಇಲ್ಲ ಎನ್ನಬಹುದಿತ್ತು. ಹಳೆಯದನ್ನೆಲ್ಲ ಎಸೆಯುತ್ತೇವೆ ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ಮೇಲೇ ಇತ್ತು, ಅಷ್ಟು ಸಲೀಸಾದ ಮಾತನ್ನು ಅವಳು ಜೀವಮಾನದಲ್ಲಿ ಆಡಿರಲಿಲ್ಲ ಎನ್ನುವಷ್ಟು ಸಲೀಸಾಗಿ ಅದು ಅಲ್ಲಿ ಕೂತಿತ್ತು. ಅವಳು ಎದ್ದು ಮಾರ್ಚ್ ತಿಂಗಳ ಪೆಟ್ಟಿಗೆ ತೆಗೆದಳು. ಧೈರ್ಯ ಬಂದು ತೆಗೆದಳು ಎಂದು ಆಮೇಲೆ ಅವಳಿಗೇ ಅನ್ನಿಸಲಿಲ್ಲ. ಸಾಕಾಗಿತ್ತು, ಅಷ್ಟೆ. ಒಬ್ಬಳೇ ನೋಡಿ ನೋಡಿ ಸಾಕಾಗಿತ್ತು. ಗಾಜನ್ನಿಟ್ಟು, ಲೇಪನದ ತುದಿಗೆ ಸರಿಸಿ, ಕುರ್ಚಿ ಬಿಟ್ಟುಕೊಟ್ಟಳು.

ತೊಕಿಯೆ ಈ ಸಲ ಬಹಳ ಹೊತ್ತು ನೋಡಿದಳು. ಗುಡುಗಿತು, ಕಪಾಟು ಕಟಕಟ ಎಂದಿತು.

"ಇಲ್ಲೂ ಇದಾವಲ್ಲ," ಎಂದಳು. "ಒಂದಕ್ಕೊಂದು ಅಂಟ್ಕೊಂಡಿವೆ. ಕಡಿಮೆ ಏನಿಲ್ಲ." ಕಣ್ಣು ತೆಗೆಯದೆ ಮಾತು ಮುಂದುವರಿಸಿದಳು, ಫ್ಯಾಕ್ಟರಿಯಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವ ಧ್ವನಿಯಲ್ಲಿ. "ನಮ್ಮಲ್ಲೂ ಹೀಗಾಗುತ್ತೆ. ಕಣಕಕ್ಕೆ ಉಪ್ಪು ಬಿದ್ದ ಮೇಲೆ ತೊಟ್ಟಿಯಲ್ಲಿ ಹಾಗೇ ಬಿಟ್ಬಿಟ್ರೆ ಗಂಟು ಕಟ್ಟುತ್ತೆ. ಆಮೇಲೆ ಹಿಂಡೋಕೆ ಬರಲ್ಲ. ಮೀನು ಕೆಟ್ಟಿತ್ತು ಅಂತ ಹೊಸಬ್ರು ಹೇಳ್ತಾರೆ. ಮೀನಿಂದೇನೂ ತಪ್ಪಿರಲ್ಲ. ತೊಟ್ಟಿ ಹತ್ರ ನಿಂತೋರು ನೋಡಿರಲ್ಲ." ಅವಳ ಬೆನ್ನು ಮೆಲ್ಲಗೆ ನೆಟ್ಟಗಾಯಿತು. "ಇಸೊಬೆಸಾನ್, ಇದು ನನ್ನ ಮೈಯಲ್ಲಿ ಹೀಗಾಗಿದ್ದಾ, ನಿಮ್ಮ ನಳಿಕೆಯಲ್ಲಾ?"

"ನಳಿಕೆಯಲ್ಲಿ."

"ಮೈಯಲ್ಲಿ?"

"ಮೈಯಲ್ಲಿ ಸರಿಯಾಗೇ ಇತ್ತು. ಮೊದಲಿಂದಲೂ."

ತೊಕಿಯೆ ಎಡಗೈಯನ್ನು ಪಕ್ಕೆಯ ಮೇಲಿಟ್ಟುಕೊಂಡಳು, ಹೊಲಿಗೆ ಇರುವ ಕಡೆ. ಕೂಗಾಡುತ್ತಾಳೆ ಎಂದು ಮಸಾಯೊ ಕಾದಳು, ಕೂಗಾಡಲಿ ಎಂದು ಆಸೆಪಟ್ಟಳು. "ಹಾಗಾದ್ರೆ ತೆಗೆದದ್ದು," ಎಂದಳು ತೊಕಿಯೆ, "ಅದು ಚೆನ್ನಾಗಿತ್ತಾ?"

"ಚೆನ್ನಾಗೇ ಇತ್ತು. ತಪ್ಪು ನನ್ನದು. ಇದನ್ನ ಅವತ್ತು ನೋಡ್ಬೇಕಾಗಿದ್ದವಳು ನಾನು. ನೋಡ್ದೆ ಮುದ್ರೆ ಒತ್ತಿದೆ."

"ಕಿವಿ ಚುಚ್ಚಿದ್ರಲ್ಲ, ಅವತ್ತು ರಕ್ತ ಬೇಗ ನಿಂತಿತು." ತೊಕಿಯೆಯ ಬೆರಳು ಕಿವಿಗೆ ಹೋಯಿತು. "ನೀವು ಗಡಿಯಾರ ಎರಡು ಸಲ ನೋಡಿದ್ರಿ. ನಾನು ನೋಡ್ತಾನೇ ಇದ್ದೆ. ಏನೋ ಒಳ್ಳೇದು ಕಂಡಿರ್ಬೇಕು ಇವರಿಗೆ, ಹೇಳೋಕೆ ನಾಚಿಕೆ ಪಡ್ತಾರೆ ಅಂದ್ಕೊಂಡೆ. ಮನೆಗೆ ಹೋಗಿ ಅತ್ತೆಗೂ ಹೇಳ್ದೆ."

ಮಸಾಯೊ ಎರಡೂ ಕೈ ಮೇಜಿನ ಮೇಲೂರಿ ತಲೆ ಬಾಗಿಸಿದಳು. ಬಾಗುವುದಷ್ಟೇ ಅವಳಿಗೆ ಬರುತ್ತಿದ್ದದ್ದು, ಅದು ಈ ಹೊತ್ತಿಗೆ ಎಷ್ಟು ಅಗ್ಗದ್ದೆಂದು ಬಾಗಿದ ಮೇಲೆ ತಿಳಿಯಿತು. ತಲೆ ಎತ್ತದೆಯೇ ಅವಳು ಹೇಳಲೇಬೇಕಾದದ್ದನ್ನು ಹೇಳಿದಳು. "ಇನ್ಮೇಲೆ ಜ್ವರ ಬಂದ್ರೆ ಕಾಯಬೇಡಿ. ಅದೇ ಗಂಟೆಗೆ ಆಸ್ಪತ್ರೆಗೆ ಬನ್ನಿ. ಗುಲ್ಮ ಇಲ್ಲ ಅಂತ ಮೊದಲೇ ಹೇಳಿ. ಸಣ್ಣ ಜ್ವರನೂ ನಿಮಗೆ ಸಣ್ಣದಲ್ಲ."

"ಎಷ್ಟು ದಿನ ಹೀಗೆ?"

"ಯಾವಾಗ್ಲೂ."

ತೊಕಿಯೆ ಮೇಜಿನ ಮೇಲಿನ ನಮೂನೆಯನ್ನು ಎಳೆದುಕೊಂಡು, ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಏಳು ಸಾಲನ್ನೂ ಓದಿದಳು. "ಪೂರ್ಣ ಅಂತಿದೆ."

"ಅದು ಸೆನ್ಸೆ ಹಾಕಿದ್ದು. ಅವರಿಗೆ ಗೊತ್ತಿಲ್ಲ."

"ಗೊತ್ತಾಗುತ್ತಾ?"

"ನಾನು ಬರೆದ್ರೆ ಗೊತ್ತಾಗುತ್ತೆ."

"ಬರೀರಿ, ಮತ್ತೆ. ನಾನು ಇಲ್ಲೇ ಇರ್ತೀನಿ."

ಮಸಾಯೊ ಕೂತು ಬರೆದಳು. ಮಾರ್ಚ್ ಇಪ್ಪತ್ತೆಂಟರ ಲೇಪನದಲ್ಲಿ ಪ್ಲೇಟ್ಲೆಟ್ಟುಗಳು ಗಂಟುಕಟ್ಟಿವೆ. ಎಣಿಕೆ ಆಗಲೂ ಕಡಿಮೆಯಿರಲಿಲ್ಲ, ಶಸ್ತ್ರಚಿಕಿತ್ಸೆಗೆ ಪ್ರತಿಕ್ರಿಯೆ ಎಂಬುದಿಲ್ಲ. ಆ ದಿನ ನಾನು ನೋಡಿರಲಿಲ್ಲ. ನಾಲ್ಕು ಸಾಲು ಬರೆಯಲು ಇಷ್ಟು ಹೊತ್ತೇ ಎಂದು ಅವಳಿಗೇ ನಾಚಿಕೆಯಾಯಿತು, ಒಂದು ಅಕ್ಷರ ಎರಡು ಸಲ ತಿದ್ದಬೇಕಾಯಿತು. ಮುದ್ರೆ ತೆಗೆದು ಒತ್ತಿದಳು. ಎತ್ತಿ ನೋಡಿದರೆ ನೆಟ್ಟಗೆ ಬಿದ್ದಿತ್ತು. ಬೇಕೆಂದು ಮಾಡಿದ್ದಲ್ಲ, ಪಕ್ಕದಲ್ಲಿ ಮೊರಿಕವಾರ ಜಾಗ ಇರುವುದೇ ನೆನಪಾಗಲಿಲ್ಲ. ಇನ್ನರ್ಧ ಗಂಟೆಯಲ್ಲಿ ಅವರು ಮಹಡಿಯಿಂದ ಇಳಿಯುತ್ತಾರೆ, ಬಾಗಿಲಲ್ಲಿ ನಿಂತು ಇದನ್ನು ಓದುತ್ತಾರೆ. ಅಸಕುರಾ ಡಾಕ್ಟರೂ ಓದುತ್ತಾರೆ, ಅವರಿನ್ನು ನಿದ್ದೆ ಮಾಡುವುದಿಲ್ಲ. ಅವಳ ಕೆಲಸ ಉಳಿಯುತ್ತದೋ ಇಲ್ಲವೋ. ಇದೆಲ್ಲ ಎಲ್ಲೋ ದೂರದಲ್ಲಿ ಯಾರಿಗೋ ಆಗಲಿರುವಂತೆ ಇತ್ತು. ಹತ್ತಿರವಿದ್ದದ್ದು ಈ ಹೆಂಗಸು, ಅವಳ ಕೈಗೆ ಅಂಟಿದ ಮೀನಿನ ವಾಸನೆ.

"ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ," ಎಂದಳು ತೊಕಿಯೆ, ಯಾರಿಗೆ ಹೇಳುತ್ತಿದ್ದಾಳೆಂದು ಸ್ಪಷ್ಟವಿರಲಿಲ್ಲ. "ಹದಿನಾಲ್ಕು ಬಾಗಿಲಲ್ಲೂ ಅತ್ತೆ ನಿಂತು, ನಮ್ಮ ಸೊಸೆ ವಾಸಿಯಾದ್ಲು ಅಂತ ಹೇಳಿ ಹಂಚಿ ಬಂದ್ರು. ಎಂಬತ್ತು ವರ್ಷ ಅವರಿಗೆ. ಎಲ್ಲರೂ ತಿಂದು ಮುಗಿಸಿದ್ದಾರೆ." ಅವಳು ಎದ್ದು, ಟೀ ಸಾಮಾನಿನ ಪಕ್ಕದಲ್ಲಿದ್ದ ಹಣ್ಣಿನ ಚಾಕು ತೆಗೆದುಕೊಂಡು ಅಂಗೈ ಮೇಲೆ ಅದರ ಅಲಗು ಸವರಿ ನೋಡಿದಳು. "ಹರಿತ ಇಲ್ಲ ಇದು," ಎಂದಳು. ಆದರೂ ಅವಳ ಕೈಯಲ್ಲಿ ಅದು ಹರಿತವಾಗೇ ಇತ್ತು. ತಲೆಯ ಕಡೆಯಿಂದ ಶುರುಮಾಡಿ ಒಂದೇ ದಪ್ಪದ ಹೋಳುಗಳನ್ನು ಕುಯ್ಯುತ್ತಾ ಬಂದಳು, ಒಂದಿಷ್ಟೂ ಮುರಿಯದೆ, ಎಂಟು ತಿಂಗಳ ಮೇಲೆ ಚಾಕು ಹಿಡಿಯದೆ ಇದ್ದ ಕೈಯೆಂದು ಯಾರೂ ಹೇಳುವಂತಿರಲಿಲ್ಲ. ಮೊದಲ ಹೋಳನ್ನು ಟೀ ತಟ್ಟೆಯಲ್ಲಿಟ್ಟು ಮಸಾಯೊಳ ಮುಂದೆ ಸರಿಸಿದಳು. "ತಿನ್ನಿ."

ಮಸಾಯೊ ತಿಂದಳು. ಸಿಹಿಯಾಗಿತ್ತು, ಮೆತ್ತಗಿತ್ತು. ಆರಿದ ಟೀ ಕುಡಿದು ನುಂಗಿದಳು. ಇನ್ನೊಂದು ಹೋಳು ಬಂತು. ಅದನ್ನೂ ತಿಂದಳು. ತೊಕಿಯೆ ಎದುರು ಕೂತು ಬೇರೆಲ್ಲೂ ನೋಡದೆ ಅವಳ ಬಾಯನ್ನೇ ನೋಡುತ್ತಿದ್ದಳು, ಸ್ವಲ್ಪ ಹೊತ್ತಿನ ಹಿಂದೆ ಗಾಜಿನೊಳಗೆ ನೋಡುತ್ತಿದ್ದಷ್ಟೇ ಗಮನವಿಟ್ಟು. ಕಣ್ಣು ತುಂಬಿ ಮಸಾಯೊಗೆ ತಟ್ಟೆ ಕಾಣಿಸದಾಯಿತು. ಆರನೆಯ ಹೋಳಿಗೋ ಏಳನೆಯದಕ್ಕೋ ಅವಳು ಕೈ ಅಡ್ಡ ಹಿಡಿದು, "ಸಾಕು ಹಮಾಜಿಸಾನ್, ಆಗ್ತಿಲ್ಲ," ಎಂದಳು. ಕಾರಿಡಾರಿನಲ್ಲಿ ಯಾರದೋ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

"ಉಳಿಸಬಾರದು," ಎಂದಳು ತೊಕಿಯೆ. ಇನ್ನೊಂದು ಹೋಳು ಕುಯ್ದಳು. "ಬಾಲ ಇನ್ನೂ ಇದೆ."